ಅಜ್ಜಿಯ ಹಲ್ಲುಸೆಟ್ಟೂ ಡೆಂಟಲ್ ಕಾಲೇಜೂ

ಮೊನ್ನೆ ಕೊಟ್ಟೂರಿಗೆ ಹೋದಾಗ ಗೂಡಿನಲ್ಲಿದ್ದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ನೋಡಿದೆ. ಒಳಗೆ ನೀರಿನಲ್ಲಿ ಮುಳುಗಿದ ಹಲ್ಲುಸೆಟ್ಟು! "ಹಾಕ್ಕೊಳ್ಳಲ್ಲೇನಬೇ ಅಜ್ಜಿ?" ಅಂದೆ. "ಮದುವಿ ಮುಂಜಿಗೆ ಹಾಕ್ಕೋತೀನಪ್ಪ, ರೊಟ್ಟಿ ತಿನ್ನಾಕ ವಸಡ ಸಾಕು" ಅಂದಳು :)

ಅದನ್ನು ಮಾಡಿದವನು ನನ್ನ ಪಿಯುಸಿ ಗೆಳೆಯ. ನಾನು ಇಂಜಿನಿಯರಿಂಗಿಗೆ ಹೋದೆ, ಅವನು 2015ರಲ್ಲಿ ಸಿಇಟಿ ಬರೆದು ಬಿಡಿಎಸ್ ಸೇರಿದ. ಸೆಟ್ಟು ಮಾಡುವಾಗ ಅವನಿನ್ನೂ ಫೈನಲ್ ಇಯರ್ ವಿದ್ಯಾರ್ಥಿ. ಹಲ್ಲಿನ ವೈದ್ಯವನ್ನು ನಾಲ್ಕು ಗೋಡೆಯೊಳಗೆ ಕಲಿಸೋದು ಯಾವಾಗ ಶುರುವಾಯ್ತು ಅಂತ ಆಗ ಹುಡುಕಲು ಹೊರಟವನಿಗೆ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಜಗತ್ತಿನ ಮೊದಲ ಡೆಂಟಲ್ ಕಾಲೇಜು 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಶುರುವಾಯಿತು. ನಮ್ಮ ದೇಶದ್ದು 1920ರಲ್ಲಿ, ಕಲ್ಕತ್ತದಲ್ಲಿ. ಅಮೆರಿಕದಲ್ಲಿ ಓದಿ ಬಂದ ಡಾ. ರಫಿಯುದ್ದೀನ್ ಅಹ್ಮದ್ ಕಟ್ಟಿದ್ದು. ದುಡ್ಡು ಎಲ್ಲಿಂದ ಬಂತು ಗೊತ್ತೇ? ಅವರು 'ನ್ಯೂಯಾರ್ಕ್ ಸೋಡಾ ಫೌಂಟನ್' ಅನ್ನೋ ಅಂಗಡಿ ತೆರೆದು, ಅದರ ಆದಾಯದಲ್ಲಿ ಕಾಲೇಜು ನಡೆಸಿದರು. ಹಲ್ಲು ಹಾಳುಮಾಡುವ ಸಿಹಿ ಸೋಡಾದಿಂದಲೇ ಹಲ್ಲಿನ ಕಾಲೇಜು!

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಅದರಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ಹೆಸರು ನೋಂದಾಯಿಸುವ ಪಟ್ಟಿಯನ್ನು 'ಎ' ಮತ್ತು 'ಬಿ' ಅಂತ ಎರಡು ಭಾಗ ಮಾಡಿದರು. ಡಿಗ್ರಿ ಇದ್ದವರು ಎ. ಡಿಗ್ರಿ ಇಲ್ಲದಿದ್ದರೂ ವರ್ಷಗಟ್ಟಲೆ ಅದೇ ಕಸುಬು ಮಾಡಿಕೊಂಡು ಬಂದವರು ಬಿ. ಕಾಲೇಜುಗಳೇ ಅಪರೂಪವಾಗಿದ್ದ ದೇಶದಲ್ಲಿ ಇನ್ನೇನು ಮಾಡಲಾದೀತು? ನಮ್ಮ ಕಡೆ ಬಿಡಿ, ಆ ಬಿ ಪಟ್ಟಿಯವರೂ ಇರಲಿಲ್ಲವಂತೆ. ಹಲ್ಲು ನೋವಂದ್ರೆ ಲವಂಗ, ಇಲ್ಲಾ ಇಕ್ಕಳ. ಅಜ್ಜಿ ಹೇಳೋದು ಇಷ್ಟೇ.

ಕರ್ನಾಟಕದಲ್ಲಿ 1958ರಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, 1965ರಲ್ಲಿ ಮಣಿಪಾಲದ್ದು. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಹತ್ತಿರ ಅಂತ ಒಂದು ಸಿಕ್ಕಿದ್ದು 1979ರಲ್ಲಿ, ದಾವಣಗೆರೆಯ ಬಾಪೂಜಿ ಕಾಲೇಜು ಬಂದಾಗ. ಆಮೇಲೆ ನೋಡಿ, ಕಾಲೇಜುಗಳ ಜಾತ್ರೆ! ಡೊನೇಶನ್ ಹಾವಳಿ ತಡೆಯಲು 1984ರಲ್ಲಿ ಕಾನೂನು ಮಾಡಿದರು, 1994ರಲ್ಲಿ ಸಿಇಟಿ ತಂದರು. ಇವತ್ತು ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ಬಳ್ಳಾರಿಯಲ್ಲೂ ಸರ್ಕಾರಿ ಕಾಲೇಜು ಬಂತು. 371ಜೆ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಸೀಟು ಸಿಗೋದು ಸುಲಭವಾಯಿತು. ದಾವಣಗೆರೆ ಜಿಲ್ಲೆಗೆ ಸೇರಿಹೋಗಿದ್ದ ಹರಪನಹಳ್ಳಿಯವರು ಅದೇ ಸವಲತ್ತಿಗಾಗಿ ಹೋರಾಡಿ 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದರು (2021ರಿಂದ ಎಲ್ಲರೂ ವಿಜಯನಗರ ಜಿಲ್ಲೆ).

ಕಟ್ಟಡ ಬಂತು, ಸೀಟು ಬಂತು. ಆದರೆ ಹಲ್ಲಿನ ವಿದ್ಯೆಗೆ ಇನ್ನೊಂದು ಬೇಕು... ಬಾಯಿ!

ಮೊದಲ ವರ್ಷ ಮೇಣದ ತುಂಡಲ್ಲಿ ಹಲ್ಲು ಕೆತ್ತೋದು. ದವಡೆ ಹಲ್ಲಿನ ಒಂದು ಗುಳಿ ತಪ್ಪಿದರೂ ಮತ್ತೆ ಹೊಸ ತುಂಡು. ಗೆಳೆಯ ರಜೆಗೆ ಬಂದಾಗ ಕ್ಲಿನಿಕ್ಕುಗಳಿಗೆ ಅಲೆದು ಕಿತ್ತ ಹಲ್ಲುಗಳನ್ನು ಬಾಟಲಿಯಲ್ಲಿ ತುಂಬಿಕೊಳ್ಳುತ್ತಿದ್ದ, ಅವರಮ್ಮ ಆ ಬಾಟಲಿಯನ್ನು ಹೊಸಿಲು ದಾಟಿಸಲಿಲ್ಲ :) ಎರಡನೇ ವರ್ಷ ಬೊಂಬೆ ತಲೆಯ ಬಾಯಲ್ಲಿ ಡ್ರಿಲ್ಲು. ಮೂರನೇ ವರ್ಷದಿಂದ ನಿಜವಾದ ಜನ. ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಸೆಟ್ಟು ಮಾಡಬೇಕು ಅಂತ ಲೆಕ್ಕ. ಲೆಕ್ಕ ತುಂಬದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ಬೀದಿಗೊಂದು ಕ್ಲಿನಿಕ್ ಆದ ಮೇಲೆ ಕಾಲೇಜಿಗೆ ಬರುವ ರೋಗಿಗಳು ಎಲ್ಲಿಂದ ಬರಬೇಕು? ಬಸ್ ಚಾರ್ಜು, ಊಟ ಕೊಟ್ಟು ಹುಡುಗರೇ ಕರೆತರುತ್ತಿದ್ದರು. ಪೂರ್ತಿ ಹಲ್ಲುಸೆಟ್ಟಿಗೆ ಒಂದೂ ಹಲ್ಲಿಲ್ಲದವರೇ ಆಗಬೇಕು, ಅವರು ಐದಾರು ಸಲ ಬರಬೇಕು: ಅಚ್ಚು ತೆಗೆಯಲು, ದವಡೆ ಅಳತೆಗೆ, ಮೇಣದಲ್ಲಿ ಹಲ್ಲು ಜೋಡಿಸಿ ನೋಡಲು...

ಹಂಗೆ ಸಿಕ್ಕವಳು ನಮ್ಮಜ್ಜಿ. "ಅಜ್ಜಿ, ನೀ ಬರದಿದ್ರ ನಾ ಫೇಲು" ಅಂದನಂತೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಕ್ಸಾಮಿನರ್ ಎದುರೇ ದವಡೆ ಅಳತೆ ತೆಗೆದು ತೋರಿಸಬೇಕಿತ್ತು. ಹಿಂದಿನ ರಾತ್ರಿ ಅಜ್ಜಿಗೆ ಜ್ವರ. ಅಪ್ಪ ಬೇಡ ಅಂದರೂ ಕೇಳದೆ, ಶಾಲು ಹೊದ್ದು ಮೊದಲ ಬಸ್ಸಿಗೆ ಹೊರಟಳು. ಮೂರು ತಾಸು ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಳು.

ಗೆಳೆಯ ಪಾಸಾದ. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಕ್ಲಿನಿಕ್ ಇಟ್ಟಿದ್ದಾನೆ. ಸೆಟ್ಟು ಕೆಳಗಡೆ ಸ್ವಲ್ಪ ಸಡಿಲ ಅಂತ ನಾನು ಫೋನಿನಲ್ಲಿ ಅಂದರೆ "ಮತ್ತ ಕರ್ಕೊಂಡು ಬಾರಲೇ, ಸರಿ ಮಾಡಿ ಕೊಡ್ತೀನಿ" ಅಂತಾನೆ. ಅಜ್ಜಿ ಒಲ್ಲೆ ಅಂತಾಳೆ. "ಪಾಪ ಹುಡುಗ, ಅವನ ಕೈಲೆ ಅದು ಮೊದಲನೇದು" ಅಂತ ಡಬ್ಬಿ ಮುಚ್ಚಿ ಗೂಡಿಗಿಟ್ಟಳು.