ಸ್ಪೆಕ್ ಶೀಟಿನಲ್ಲಿ ಇಲ್ಲದ ಒಂದು ಸಾಲು: ಪುಣೆಯ ಜಿಸ್ಟ್ ಕಾರ್ಡ್ ಮತ್ತು ನಮ್ಮ ಟಿವಿ ಬಾಕ್ಸ್

ನಮ್ಮ ಆಫೀಸಿನ ಕನ್ನಡ ಗುಂಪಿನಲ್ಲಿ ಈಗ ಒಂದೇ ಚರ್ಚೆ. ಮುಂದಿನ ಮೀಡಿಯಾ ಪ್ಲೇಯರ್‌ನಲ್ಲಿ ಏನೇನಿರುತ್ತೆ? ಯಾವ ಚಿಪ್, ಎಷ್ಟು ಮೆಮೊರಿ, ಎವಿ1 ಡಿಕೋಡರ್ ಹಾರ್ಡ್‌ವೇರಿನಲ್ಲೇ ಇರುತ್ತಾ? ನಾನೂ ಕಾಯ್ತಾ ಇದ್ದೀನಿ. ಆದರೆ ನನ್ನ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ, ಅದಕ್ಕೆ ಕಾರಣ ಅಮ್ಮ.

ಹೋದ ವರ್ಷ ಅಮ್ಮ ಶಿರಸಿಯಿಂದ ವಾಕಡಿನ ನಮ್ಮ ಫ್ಲಾಟಿಗೆ ಬಂದಿದ್ದರು. ಅಜ್ಜ ಭಾಗವತರಾಗಿ ಹಾಡಿದ ಯಕ್ಷಗಾನದ ಹಳೆಯ ವಿಸಿಡಿಗಳನ್ನೆಲ್ಲ ಡಿಸ್ಕಿಗೆ ಹಾಕಿ, ಕನ್ನಡದಲ್ಲೇ ಹೆಸರು ಕೊಟ್ಟು ಟಿವಿ ಬಾಕ್ಸಿಗೆ ಚುಚ್ಚಿದೆ. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಲಿಪಿ ಓದಕ್ಕೆ ಬರಲ್ಲ. ಪರದೆ ಮೇಲೆ ಒತ್ತಕ್ಷರಗಳು ಕಳಚಿ ಬಿದ್ದಿದ್ದವು, ದೀರ್ಘಗಳು ಎಲ್ಲೋ ತೇಲ್ತಾ ಇದ್ದವು. "ಇದು ಯಾವ ಭಾಷೆನೋ?" ಅಂದರು. ನಾನು ಹೆಸರುಗಳನ್ನು ಇಂಗ್ಲಿಷಿಗೆ ಬದಲಾಯಿಸಿ, "ಮೇಲಿಂದ ನಾಲ್ಕನೇದು ಒತ್ತು ಅಮ್ಮಾ" ಅಂದೆ. ಇನ್ನೆರಡು ಫೈಲ್ ಸೇರಿಸಿದ ದಿನ ನಾಲ್ಕನೇದು ಬೇರೆಯಾಯ್ತು. ಆಮೇಲೆ ಅವರು ರಿಮೋಟ್ ಮುಟ್ಟಲಿಲ್ಲ.

ತಮಾಷೆ ಅಂದರೆ, ಈ ಸಮಸ್ಯೆಯನ್ನು ಬಿಡಿಸಿದ್ದು ಇದೇ ಪುಣೆಯಲ್ಲಿ, ಅದೂ ಹಾರ್ಡ್‌ವೇರಿನಲ್ಲಿ.

1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಮೋಹನ್ ತಾಂಬೆ ಮತ್ತು ಸಂಗಡಿಗರು ಭಾರತೀಯ ಲಿಪಿಗಳಿಗಾಗಿ ಜಿಸ್ಟ್ ತಂತ್ರಜ್ಞಾನ ರೂಪಿಸಿದರು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಶುರುವಾದ ಮೇಲೆ ಆ ಕೆಲಸ ಇಲ್ಲಿಗೆ ಬಂತು. ವಿಶ್ವವಿದ್ಯಾಲಯದ ಸರ್ಕಲ್ಲಿನ ಟ್ರಾಫಿಕ್ಕಲ್ಲಿ ನಾವು ದಿನಾ ಬೈಕೊಂಡು ನಿಲ್ತೀವಲ್ಲ, ಅದರ ಪಕ್ಕದ ಕ್ಯಾಂಪಸ್ಸೇ. ಆಗಿನ ಡಾಸ್ ಪರದೆ ಅಂದರೆ 80 ಕಾಲಂ, 25 ಸಾಲು, ಒಂದು ಮನೆಗೆ ಒಂದು ಅಕ್ಷರ. ನಮ್ಮ 'ಷ್ಣಾ' ಆ ಮನೆಯಲ್ಲಿ ಹೇಗೆ ಕೂರಬೇಕು? ಅದಕ್ಕೇ ಜಿಸ್ಟ್ ಕಾರ್ಡ್. ಪಿಸಿಯ ಸ್ಲಾಟಿಗೆ ಚುಚ್ಚಿದರೆ, ಇಂಗ್ಲಿಷಿಗಾಗಿ ಬರೆದ ಪ್ರೋಗ್ರಾಮುಗಳಲ್ಲೂ ಕನ್ನಡ ಮೂಡುತ್ತಿತ್ತು.

ಅದರ ಜತೆಗಿದ್ದ ಸಂಕೇತ ಇಸ್ಕಿ. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಮರಾಠಿಯ 'ಕ'ಗೂ ಕನ್ನಡದ 'ಕ'ಗೂ ಅದರಲ್ಲಿ ಒಂದೇ ನಂಬರ್, ಲಿಪಿ ಅನ್ನೋದು ಬರೀ ಪರದೆಯ ಆಯ್ಕೆ. ಯೂನಿಕೋಡ್ ಲಿಪಿಗಳಿಗೆ ಬೇರೆ ಬೇರೆ ಬ್ಲಾಕ್ ಕೊಟ್ಟರೂ ಇಸ್ಕಿಯ ಕ್ರಮವನ್ನೇ ಇಟ್ಟುಕೊಂಡಿತು. ಬ್ಲಾಕಿನ ಮೊದಲ ಸ್ಥಾನವನ್ನು 0 ಅಂತ ಎಣಿಸಿ ನೋಡಿ, ದೇವನಾಗರಿಯಲ್ಲೂ ಕನ್ನಡದಲ್ಲೂ 'ಕ' ಇರೋದು 21ರಲ್ಲೇ.

ಆಮೇಲೆ ಪ್ರೊಸೆಸರುಗಳು ವೇಗವಾದವು, ಕಾರ್ಡ್ ಬೇಕಾಗಲಿಲ್ಲ. ಅಕ್ಷರ ಜೋಡಿಸೋ ಕೆಲಸ ಫಾಂಟಿಗೂ ಸಾಫ್ಟ್‌ವೇರಿಗೂ ಹೋಯಿತು. ಟಿವಿ ಬಾಕ್ಸುಗಳಲ್ಲೂ ಇದೇ ಕಥೆ. 2012ರ ಮೊದಲ ರಾಸ್ಪ್‌ಬೆರಿ ಪೈನಲ್ಲಿ ಎಚ್.264 ಹಾರ್ಡ್‌ವೇರ್ ಡಿಕೋಡರ್ ಇದ್ದದ್ದೇ ದೊಡ್ಡ ಆಕರ್ಷಣೆ. ಡಿವಿಡಿಯ ಎಂಪೆಗ್-2 ಬೇಕಿದ್ದರೆ ಲೈಸೆನ್ಸ್ ಕೀ ಬೇರೆ ಕೊಳ್ಳಬೇಕಿತ್ತು. 2023ರ ಪೈ 5ರಲ್ಲಿ ಆ ಎಚ್.264 ಡಿಕೋಡರನ್ನೇ ತೆಗೆದರು, ಸಿಪಿಯು ನೋಡಿಕೊಳ್ಳುತ್ತೆ ಅಂತ.

ವ್ಯತ್ಯಾಸ ಗಮನಿಸಿ. ಎಚ್.264 ಹೋಗಿದ್ದು ನಮ್ಮಂಥವರಿಗೆ ತಕ್ಷಣ ಗೊತ್ತಾಯ್ತು, ಯಾಕಂದ್ರೆ ಅದು ಸ್ಪೆಕ್ ಶೀಟಿನಲ್ಲಿ ಒಂದು ಸಾಲು. ಕನ್ನಡ ಕಾರ್ಡಾಗಿದ್ದಾಗ ಅದಕ್ಕೂ ಒಂದು ಸಾಲಿತ್ತು, ಒಂದು ಬೆಲೆಯಿತ್ತು, ಕೊಳ್ಳೋರು ಕೇಳಿ ಕೊಳ್ಳುತ್ತಿದ್ದರು. ಸಾಫ್ಟ್‌ವೇರ್ ಆದ ಮೇಲೆ ಅದು "ಇದ್ದೇ ಇರುತ್ತೆ" ಅನ್ನೋ ಪಟ್ಟಿಗೆ ಸೇರಿತು. ಇದ್ದೇ ಇರುತ್ತೆ ಅಂದುಕೊಂಡಿದ್ದನ್ನ ಯಾರೂ ಪರೀಕ್ಷೆ ಮಾಡಲ್ಲ. ನಾವು ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ? 4ಕೆ ವಿಡಿಯೊ ಬಿಚ್ಚೋ ಚಿಪ್ಪಿಗೆ ಒಂದು ಒತ್ತಕ್ಷರ ಭಾರವೇನಲ್ಲ. ಕೇಳೋರಿಲ್ಲ, ಅಷ್ಟೇ. ಹೆಸರನ್ನ ಇಂಗ್ಲಿಷಿಗೆ ಬದಲಾಯಿಸಿದ ನಾನೂ ಆವತ್ತು ಕೇಳಲಿಲ್ಲ.

ಈ ಸಲ ಅಂಗಡಿಗೆ ಪೆನ್‌ಡ್ರೈವ್ ಒಯ್ಯುತ್ತೀನಿ. ಅದರಲ್ಲಿ ಒಂದೇ ಫೈಲ್, ಹೆಸರು 'ಕೃಷ್ಣಾರ್ಜುನ ಕಾಳಗ'. ವಟ್ರಸುಳಿ, ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಒಂದೇ ಪದದಲ್ಲಿ ಸಿಗುತ್ತೆ. ಅದು ಸರಿಯಾಗಿ ಕಂಡರೆ ಮಿಕ್ಕ ಸ್ಪೆಕ್ ಆಮೇಲೆ ನೋಡ್ತೀನಿ. ದೀಪಾವಳಿಗೆ ಅಮ್ಮ ಮತ್ತೆ ಬರ್ತಿದ್ದಾರೆ.