ಆ ದಿನ ಯಾವುದು? ಡಾಲಸ್ ಸೀಮೆಯ ಲೆಕ್ಕಗಳು

"ಲೋಕ ಮುಗಿಯೋ ಕಾಲ ಬಂತಂತೆ, ನೀವು ಕ್ರೈಸ್ತರು, ನಿಮಗೆ ಗೊತ್ತಿರಬೇಕಲ್ಲ?" ಎಂದು ಮರ್ಫಿಯ ಕನ್ನಡ ಗೆಳೆಯರು ನನ್ನನ್ನು ಆಗಾಗ ಕೇಳುತ್ತಾರೆ. ವಾಟ್ಸಾಪಿನಲ್ಲಿ ಯಾರೋ ಒಂದು ತಾರೀಖು ಕಳಿಸಿರುತ್ತಾರೆ. ನಾನು ದಕ್ಷಿಣ ಕನ್ನಡದ ಕಥೋಲಿಕ. ಯೇಸುಸ್ವಾಮಿ ಮತ್ತೆ ಬರುತ್ತಾರೆ ಎಂದು ಪ್ರತಿ ಭಾನುವಾರ ಪೂಜೆಯಲ್ಲಿ ಹೇಳುವವನು. ಆದರೆ ತಾರೀಖು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಯಾಕಿಲ್ಲ, ಟೆಕ್ಸಾಸಿನಲ್ಲಿ ಯಾಕೆ ಇಷ್ಟೊಂದಿದೆ ಅನ್ನೋದಕ್ಕೆ ಒಂದು ಚರಿತ್ರೆಯೇ ಇದೆ.

ಸತ್ತವರಿಗೂ ಬದುಕಿರುವವರಿಗೂ ತೀರ್ಪು ಕೊಡಲು ಕ್ರಿಸ್ತರು ಬರುವರೆಂಬ ಮಾತು 4ನೇ ಶತಮಾನದಲ್ಲಿ ರೂಪುಗೊಂಡ ವಿಶ್ವಾಸಪ್ರಮಾಣದಲ್ಲೇ ಇದೆ. ಯಾವಾಗ ಎಂಬುದು ದೇವದೂತರಿಗೂ ತಿಳಿಯದು ಎನ್ನುತ್ತದೆ ಮತ್ತಾಯನ ಸುವಾರ್ತೆ. ಬೈಬಲ್ಲಿನ ಕೊನೆಯ ಪುಸ್ತಕ 'ಪ್ರಕಟನೆ'ಯಲ್ಲಿ ಕ್ರಿಸ್ತರ ಸಾವಿರ ವರ್ಷದ ಆಳ್ವಿಕೆಯ ಮಾತು ಬರುತ್ತದೆ. ಕೆಲವರು ಅದನ್ನು ಅಕ್ಷರಶಃ ಎಣಿಸತೊಡಗಿದ್ದರು. 5ನೇ ಶತಮಾನದಲ್ಲಿ ಸಂತ ಅಗಸ್ಟೀನರು ಅದು ಕ್ಯಾಲೆಂಡರಿನ ಲೆಕ್ಕವಲ್ಲ, ಧರ್ಮಸಭೆ ಈಗ ಬಾಳುತ್ತಿರುವ ಕಾಲವೇ ಅದು ಎಂದು ಅರ್ಥ ಹೇಳಿದರು. ಕಥೋಲಿಕರು ಆ ದಾರಿಯಲ್ಲೇ ನಡೆದರು. 1516ರಲ್ಲಿ ಐದನೆಯ ಲ್ಯಾಟರನ್ ಮಹಾಸಭೆ, ಅಂತ್ಯಕಾಲಕ್ಕೆ ದಿನ ಗೊತ್ತುಮಾಡಿ ಬೋಧಿಸಬಾರದೆಂದು ಬೋಧಕರಿಗೆ ಕಟ್ಟಪ್ಪಣೆ ಮಾಡಿತು. ತೀರ್ಪಿಗೆ ಮುಂಚೆ ಕ್ರಿಸ್ತರು ಕಣ್ಣಿಗೆ ಕಾಣುವಂತೆ ಭೂಮಿಯಲ್ಲಿ ರಾಜ್ಯವಾಳುತ್ತಾರೆ ಎಂದು ಕಲಿಸುವುದೂ ಕ್ಷೇಮವಲ್ಲವೆಂದು 1944ರಲ್ಲಿ ರೋಮ್ ಹೇಳಿತು.

ಹಾಗಾದರೆ ಇಲ್ಲಿನವರು ಹೇಳುವ 'ರ‍್ಯಾಪ್ಚರ್' ಏನು? ಮಹಾಸಂಕಟದ ಏಳು ವರ್ಷ ಶುರುವಾಗುವ ಮುಂಚೆಯೇ ನಂಬಿದವರನ್ನು ಆಕಾಶಕ್ಕೆ ಎತ್ತಿಕೊಳ್ಳಲಾಗುತ್ತದೆ ಎಂಬ ಬೋಧನೆ. 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಇದನ್ನು ಹರಡಿದರು. ಅಮೆರಿಕದಲ್ಲಿ ಇದಕ್ಕೆ ಬೇರು ಕೊಟ್ಟ ಊರುಗಳಲ್ಲಿ ನಮ್ಮ ಡಾಲಸ್ ಮುಖ್ಯ. 1880ರ ದಶಕದಲ್ಲಿ ಇಲ್ಲಿ ಪಾಸ್ಟರ್ ಆಗಿದ್ದ ಸೈರಸ್ ಸ್ಕೋಫೀಲ್ಡ್ ಅವರ ಟಿಪ್ಪಣಿಗಳಿರುವ ಬೈಬಲ್ 1909ರಲ್ಲಿ ಅಚ್ಚಾಗಿ ಮನೆಮನೆ ಸೇರಿತು. 1924ರಲ್ಲಿ ಇಲ್ಲೇ ಡಾಲಸ್ ಥಿಯಾಲಾಜಿಕಲ್ ಸೆಮಿನರಿ ಶುರುವಾಯಿತು. ಅಲ್ಲಿ ಓದಿದ ಹ್ಯಾಲ್ ಲಿಂಡ್ಸೆ 1970ರಲ್ಲಿ ಅಂತ್ಯಕಾಲದ ಮೇಲೆ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಇವರೆಲ್ಲ ಪ್ರಾಟೆಸ್ಟೆಂಟರು. ಕಥೋಲಿಕ ಬೋಧನೆಯಲ್ಲಿ ಕಷ್ಟಕ್ಕೆ ಮುಂಚೆ ಹಾರಿಹೋಗುವ ದಾರಿಯಿಲ್ಲ. ಕೊನೆಯ ಪರೀಕ್ಷೆಯನ್ನು ಧರ್ಮಸಭೆಯೂ ಎಲ್ಲರಂತೆ ಹಾದುಹೋಗಬೇಕು ಎಂದೇ ಕಲಿಸುತ್ತಾರೆ.

ಈ ಎರಡಕ್ಕೂ ಸೇರದ ಪಂಗಡಗಳೂ ಇದೇ ಸೀಮೆಯಲ್ಲಿ ಅಂತ್ಯವನ್ನು ಕಾದಿವೆ. ಡಾಲಸ್‌ನಿಂದ ಆಸ್ಟಿನ್‌ಗೆ ಹೋಗುವಾಗ ನಾವು ದಾಟುವ ವೇಕೋ ಹತ್ತಿರ, 1993ರಲ್ಲಿ ಡೇವಿಡ್ ಕೊರೆಶ್ ಹಿಂಬಾಲಕರ ನೆಲೆಗೆ 51 ದಿನ ಮುತ್ತಿಗೆ ಬಿತ್ತು. ಏಪ್ರಿಲ್ 19ರಂದು ಮಕ್ಕಳೂ ಸೇರಿ 70ಕ್ಕೂ ಹೆಚ್ಚು ಜನ ಸತ್ತರು.

ಇನ್ನೊಂದು ನಮ್ಮ ಪಕ್ಕದ ಗಾರ್ಲಂಡಿನದು. 1997ರಲ್ಲಿ ತೈವಾನಿನಿಂದ ಸುಮಾರು 150 ಜನ ಬಂದು ಅಲ್ಲಿ ಮನೆ ಮಾಡಿದರು. ಊರಿನ ಹೆಸರು 'ಗಾಡ್ ಲ್ಯಾಂಡ್' ಎಂದು ಕೇಳಿಸಿತಂತೆ. ಅವರ ಗುರು ಹಾನ್-ಮಿಂಗ್ ಚೆನ್, 1998ರ ಮಾರ್ಚ್ 25ರಂದು ದೇವರು ಟಿವಿಯ 18ನೇ ಚಾನೆಲ್‌ನಲ್ಲಿ ಕಾಣಿಸುತ್ತಾನೆ, 31ರಂದು ಖುದ್ದಾಗಿ ಬರುತ್ತಾನೆ ಎಂದಿದ್ದರು. ಎರಡು ದಿನವೂ ಏನೂ ಆಗಲಿಲ್ಲ. ಕೆಲವರು ತೈವಾನಿಗೆ ಮರಳಿದರು, ಕೆಲವರು ಗುರುವಿನ ಹಿಂದೆ ನ್ಯೂಯಾರ್ಕ್ ರಾಜ್ಯಕ್ಕೆ ಹೋದರು. ಪೇಪರಿನವರಿಗೆ ಅದು ತಮಾಷೆ. ನನಗೆ ನಗು ಬರುವುದಿಲ್ಲ. ಅವರೂ ನಮ್ಮ ಹಾಗೆ ಊರು ಬಿಟ್ಟು, ನೆಂಟರನ್ನು ಬಿಟ್ಟು ಬಂದವರು. ಪರದೇಶದಲ್ಲಿ ಒಂಟಿಯಾದವನಿಗೆ "ಇಂಥ ದಿನ ಎಲ್ಲ ಸರಿಹೋಗುತ್ತದೆ" ಎಂಬ ಮಾತು ಎಷ್ಟು ಹಿತವೆಂದು ವೀಸಾಕ್ಕೆ ಕಾಯುವ ನಮಗೆ ಗೊತ್ತಿಲ್ಲವೇ?

ತಾರೀಖು ಕೇಳುವವರಿಗೆ ನಾನು ಮತ್ತಾಯನ 25ನೇ ಅಧ್ಯಾಯ ತೋರಿಸುತ್ತೇನೆ. ಅಲ್ಲಿ ಕೊನೆಯ ದಿನ ಯಾರನ್ನೂ "ಲೆಕ್ಕ ಸರಿ ಹಾಕಿದೆಯಾ?" ಎಂದು ಕೇಳುವುದಿಲ್ಲ. ಹಸಿದವನಿಗೆ ಉಣಿಸಿದೆಯಾ, ರೋಗಿಯನ್ನು ನೋಡಿಕೊಂಡೆಯಾ, ಪರದೇಶಿಯನ್ನು ಮನೆಗೆ ಕರೆದೆಯಾ ಎಂಬುದೇ ಅಲ್ಲಿನ ಲೆಕ್ಕ. ಇಲ್ಲಿ ಪರದೇಶಿಗಳು ನಾವೇ. ನಮಗಿಂತ ಆಮೇಲೆ ಬಂದವರೂ ಇದ್ದಾರೆ. ಕೆಲಸ ಕಳೆದುಕೊಂಡು ರೂಮಿನಲ್ಲಿ ಕೂತವರಿದ್ದಾರೆ. ಅವರ ಬಾಗಿಲು ತಟ್ಟಲು ಯಾವ ತಾರೀಖೂ ಬೇಕಾಗಿಲ್ಲ.