ಬೆಟ್ಟದವರಿಗೆ ಯಾವ ಆಸ್ಪತ್ರೆ ಹತ್ತಿರ?



ನಡುರಾತ್ರಿ ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂತು ಎನ್ನಿ. ತಾಳವಾಡಿ ಸೀಮೆಯಲ್ಲಿ ಆಗ ಏಳುವ ಮೊದಲ ಮಾತು 'ಯಾವ ಕಡೆ?' ಎಂಬುದು. ಘಾಟಿ ಇಳಿದು ಸತ್ಯಮಂಗಲಕ್ಕೋ, ಗಡಿ ದಾಟಿ ಚಾಮರಾಜನಗರಕ್ಕೋ? ಈ ಪ್ರಶ್ನೆ ಇಂದು ನಿನ್ನೆಯದಲ್ಲ.

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯ ಕೈಸೇರಿತು. ಚಾಮರಾಜನಗರ ಮೈಸೂರಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. ಕನ್ನಡ ಮಾತಿನ ತಾಳವಾಡಿ ಮಾತ್ರ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರನ್ನು ಒಡೆದು ಮಾಡಿದ ಜಿಲ್ಲೆಯೇ ಇಂದಿನ ಈರೋಡು. ಹೀಗೆ ನಮ್ಮ ಜಿಲ್ಲಾ ಕೇಂದ್ರ ದಿಂಬಂ ಘಾಟಿಯ 27 ತಿರುವುಗಳ ಕೆಳಗೆ. ಹತ್ತಿರದ ದೊಡ್ಡ ಪೇಟೆ ಬೇರೆ ರಾಜ್ಯದಲ್ಲಿ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಚರಿತ್ರೆ ಇದೆ. 1946ರಲ್ಲಿ ಭೋರ್ ಸಮಿತಿ ಇದನ್ನು ಸೂಚಿಸಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಇವು ಹಳ್ಳಿಗಳಿಗೆ ಬಂದವು. ಜ್ವರ, ಭೇದಿ, ಸಣ್ಣ ಗಾಯ, ಲಸಿಕೆ, ಬಸುರಿಯರ ತಪಾಸಣೆ ಇಲ್ಲಿನ ಕೆಲಸ. ಇಷ್ಟಕ್ಕೆಲ್ಲ ಘಾಟಿ ಇಳಿಯಬೇಕಿಲ್ಲ. ಆದರೆ ಎದೆನೋವು, ಬಾಯಿ ಸೊಟ್ಟಗಾಗಿ ಕೈಕಾಲು ಬೀಳುವುದು, ನಿಲ್ಲದ ರಕ್ತಸ್ರಾವ, ಕಷ್ಟದ ಹೆರಿಗೆ ಇವಕ್ಕೆ ರಕ್ತ, ಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ. ಕಚ್ಚಿದ ಭಾಗವನ್ನು ಅಲುಗಿಸದೆ, ವಿಷಕ್ಕೆ ಪ್ರತಿಮದ್ದು ಇರುವ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.

'ನಾವು ತಮಿಳುನಾಡಿನವರು, ಅಲ್ಲಿ ಸೇರಿಸಿಕೊಳ್ಳುತ್ತಾರೋ ಇಲ್ಲವೋ' ಎಂದು ಕೆಲವರು ಹಿಂಜರಿಯುತ್ತಾರೆ. ಒಮ್ಮೆ ವಾಹನ ಬಡಿದು ಗಾಯಗೊಂಡವನೊಬ್ಬನನ್ನು ಹತ್ತಿರದ ಆಸ್ಪತ್ರೆಯವರು 'ಇದು ಪೊಲೀಸ್ ಕೇಸು' ಎಂದು ದೂರದ ಆಸ್ಪತ್ರೆಗೆ ಅಟ್ಟಿದರು. ಆತ ದಾರಿಯಲ್ಲೇ ತೀರಿಕೊಂಡ. ಈ ಸಂಗತಿ ಮುಂದಿಟ್ಟುಕೊಂಡು 1989ರಲ್ಲಿ ಪರಮಾನಂದ ಕಟಾರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಜೀವ ಉಳಿಸುವುದು ಪ್ರತಿ ವೈದ್ಯರ ಮೊದಲ ಹೊಣೆ, ಕಾಗದಪತ್ರ ಆಮೇಲೆ ಎಂದು ತೀರ್ಪಿತ್ತಿತು. ಆ ತೀರ್ಪು ಗಡಿಯ ಎರಡೂ ಕಡೆಗೆ ಒಂದೇ.

ಹಿಂದೆ ಡೋಲಿ ಕಟ್ಟಿ ರೋಗಿಯನ್ನು ಹೊರುತ್ತಿದ್ದ ದಾರಿಗೆ 2008ರಿಂದ 108ರ ಗಾಡಿ ಬಂದಿದೆ. ಎರಡೂ ರಾಜ್ಯಕ್ಕೆ ಅದೇ ಸಂಖ್ಯೆ. ಕರೆ ಮಾಡಿದಾಗ ಊರು, ಜಿಲ್ಲೆ, ರಾಜ್ಯ ಮೊದಲು ಹೇಳಿ. 2022ರ ಫೆಬ್ರವರಿಯಲ್ಲಿ ಮದರಾಸು ಹೈಕೋರ್ಟಿನ ಆಜ್ಞೆಯಂತೆ ಕಾಡುಪ್ರಾಣಿಗಳಿಗಾಗಿ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಂದಾಗಲೂ ಆಂಬುಲೆನ್ಸಿಗೆ ವಿನಾಯಿತಿ ಇತ್ತು.

ಕಾಯಿಲೆ ಬಂದ ಮೇಲೆ ದಾರಿ ಚರ್ಚಿಸುತ್ತ ಕೂತರೆ ಹೊತ್ತು ಕಳೆದುಹೋಗುತ್ತದೆ. ಇಂದೇ ಮನೆಮಂದಿ ಕೂತು ಗೊತ್ತು ಮಾಡಿಕೊಳ್ಳಿ: ನಿಮ್ಮ ಊರಿನಿಂದ ಹಗಲು ಯಾವ ಕಡೆ, ರಾತ್ರಿ ಯಾವ ಕಡೆ, ಗಾಡಿ ಯಾರದು. ಆ ಚೀಟಿಯನ್ನು ಬಾಗಿಲ ಹಿಂದೆ ಅಂಟಿಸಿಡಿ.